ಬೈರಪ್ಪನ ಸುಣ್ಣದ ಬೊಟ್ಟು

ನೀಲಮ್ಮ ಬೈರಪ್ಪನನ್ನು ಮೊದಲು ನೋಡಿದ ದಿನ ಅವನು ಗೋಡೆಯೊಳಗಿಂದ ಬ್ಲೇಡು ಕೀಳುತ್ತಿದ್ದ.

ಕಾಮಾಕ್ಷಿಪಾಳ್ಯದ ಅವರ ಮರದ ಅಂಗಡಿಯಲ್ಲಿ ಅವತ್ತು ಬೆಳಿಗ್ಗೆ ತಿಕ್ನೆಸ್ ಮಷೀನಿನಿಂದ ಬ್ಲೇಡು ಮುರಿದು ಹಾರಿತ್ತು. ನೀಲಮ್ಮನ ಗಂಡ ಕೃಷ್ಣಪ್ಪ ಹಲಗೆಯನ್ನು ಒಳಗೆ ತಳ್ಳಿ, ಆ ಕಡೆಯಿಂದ ಎಳೆದುಕೊಳ್ಳೋಣ ಅಂತ ಪಕ್ಕಕ್ಕೆ ಸರಿದಿದ್ದರು, ಅಷ್ಟೇ. ಅವರು ನಿಂತಿದ್ದ ಜಾಗದ ಹಿಂದಿನ ಗೋಡೆಯಲ್ಲಿ, ಸರಿಯಾಗಿ ಎದೆಯ ಎತ್ತರಕ್ಕೆ, ಗೇಣುದ್ದದ ಉಕ್ಕಿನ ತುಂಡು ನಾಟಿಕೊಂಡಿತ್ತು. ನೀಲಮ್ಮ ಮನೆಯಿಂದ ಓಡಿ ಬಂದಾಗ ಕೃಷ್ಣಪ್ಪ ಸ್ಟೂಲಿನ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಲೋಟ ಹಲ್ಲಿಗೆ ಬಡಿದು ಟಕಟಕ ಅನ್ನುತ್ತಿತ್ತು. ಗೋಡೆ ಹತ್ತಿರ ಸಣಕಲು ಆಳೊಬ್ಬ ಉಳಿ ಹಿಡಿದು ಗಾರೆ ಬಿಡಿಸುತ್ತಿದ್ದ. ಅವನ ಕೈಯೂ ನಡುಗುತ್ತಿತ್ತು.

"ಯಾರಪ್ಪ ನೀನು?"

"ಬೈರಪ್ಪ ಅಂತ ಅಕ್ಕ. ಉಲ್ಲಾಳದೋನು. ಮಷೀನಿಗೆ ಬ್ಲೇಡು ಹಾಕೋದು ನನ್ನ ಕೆಲ್ಸ. ಪಕ್ಕದಂಗಡೀಲಿದ್ದೆ, ಅಣ್ಣೋರು ಬರಹೇಳಿದ್ರು."

"ಬ್ಲೇಡು ಹಾಕೋನೇ ಹಿಂಗೆ ನಡುಗಿದ್ರೆ ಹೆಂಗಪ್ಪ?"

ಅವನು ಉಳಿ ಕೆಳಗಿಟ್ಟು ಎರಡೂ ಅಂಗೈ ಬಿಚ್ಚಿ ತೋರಿಸಿದ. "ನೋಡಿ ಅಕ್ಕ, ಹತ್ತೂ ಇದಾವೆ. ಈ ಕಸುಬಲ್ಲಿ ನನ್ನ ವಯಸ್ಸಿನೋರನ್ನ ಎಣಿಸಿ ನೋಡಿ, ಯಾರಿಗಿದಾವೆ ಹತ್ತು? ನಡುಗೋದಕ್ಕೇ ಉಳ್ಕಂಡಿರೋದು."

ಆ ಮಷೀನು ಹಲಗೆಯ ದಪ್ಪ ಒಂದೇ ಸಮ ಮಾಡುತ್ತದೆ. ಈ ಬಾಯಲ್ಲಿ ಹಲಗೆ ಕೊಟ್ಟರೆ ಆ ಬಾಯಲ್ಲಿ ನುಣ್ಣಗೆ ಬರುತ್ತದೆ. ಒಳಗೆ ತೋಳಿನ ದಪ್ಪದ ಕಬ್ಬಿಣದ ರೋಲು, ಅದರ ಮೈಯಲ್ಲಿ ಉದ್ದಕ್ಕೂ ಕೊರೆದ ಮೂರು ಗಾಡಿ, ಗಾಡಿಗೊಂದು ಉದ್ದನೆಯ ಬ್ಲೇಡು. ಬ್ಲೇಡಿನ ಪಕ್ಕ ಒಂದು ಪಟ್ಟಿ, ಪಟ್ಟಿ ತುಂಬ ಸಾಲಾಗಿ ಬೋಲ್ಟು. ಆ ಬೋಲ್ಟುಗಳು ಪಟ್ಟಿಯನ್ನು ಒತ್ತಬೇಕು, ಪಟ್ಟಿ ಬ್ಲೇಡನ್ನು ಒತ್ತಬೇಕು. ರೋಲು ತಿರುಗಲು ಶುರುವಾದರೆ ಬ್ಲೇಡು ಕಣ್ಣಿಗೆ ಕಾಣಿಸುವುದಿಲ್ಲ, ಬರೀ ಗಾಳಿಯ ಹಾಗೆ. ಬೋಲ್ಟು ಬಿಟ್ಟರೆ ಅದು ಎತ್ತ ಹೋಗುತ್ತದೋ ಹೇಳುವವರಿಲ್ಲ.

ಕೃಷ್ಣಪ್ಪ ಮಾಡಿದ ತಪ್ಪು ಏನು ಅಂತ ಬೈರಪ್ಪ ಬೋಲ್ಟು ಕೈಗೆತ್ತಿಕೊಂಡು ತೋರಿಸಿದ. ಬಿಗಿಯಾಗಲಿ ಅಂತ ಅವರು ಸ್ಪ್ಯಾನರಿನ ಹಿಡಿಗೆ ಪೈಪು ಸಿಕ್ಕಿಸಿ ತಿರುಗಿಸಿದ್ದರು. "ಪೈಪ್ ಹಾಕಿ ಬಿಗಿದ್ರೆ ಬೋಲ್ಟಿನ ಮರೆ, ಈ ಸುತ್ತುಗೆರೆ, ತಿಂದೋಗ್ತದೆ ಅಣ್ಣ. ಬಿಗಿ ಆದಂಗೆ ಇರ್ತದೆ, ಹಿಡಿದಿರಲ್ಲ. ಅದೂ ಅಲ್ದೆ ಒಂದು ಹೊಸ ಬ್ಲೇಡು, ಎರಡು ಹಳೇವು ಹಾಕಿದೀರ. ಮೂರೂ ಒಂದೇ ತೂಕ ಇರ್ಬೇಕು. ಇಲ್ದಿದ್ರೆ ಮಷೀನು ಮೈ ಅದುರಿಸಿ ಅದುರಿಸಿ ಬೋಲ್ಟನ್ನ ತಾನೇ ಬಿಚ್ಕಂಡ್ಬಿಡ್ತದೆ."

ನೀಲಮ್ಮ ಅವತ್ತು ಮನೆಗೆ ಹೋಗದೆ ಅಲ್ಲೇ ನಿಂತು ಅವನ ಕೆಲಸ ನೋಡಿದಳು. ಅವನು ಮೊದಲು ಸ್ವಿಚ್ಚು ಆರಿಸಿದ. ಆಮೇಲೆ ಬೋರ್ಡಿನ ಫ್ಯೂಸು ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದ. ಮೂರು ಬ್ಲೇಡನ್ನೂ ಬಿಚ್ಚಿ, ಗಾಡಿಯಲ್ಲಿ ಕೂತ ಮರದ ಅಂಟನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದ. ಹೊಸದಾಗಿ ಸಾಣೆ ಹಿಡಿಸಿ ತಂದ ಬ್ಲೇಡುಗಳನ್ನು ಪುಟ್ಟ ತಕ್ಕಡಿಯಲ್ಲಿ ಒಂದಕ್ಕೊಂದು ತೂಗಿದ. ಗಾಡಿಯಲ್ಲಿ ಇಟ್ಟು, ತಾನೇ ಮಾಡಿಕೊಂಡಿದ್ದ ಮರದ ಅಳತೆಗೋಲನ್ನು ರೋಲಿನ ಮೇಲೆ ಕೂರಿಸಿ, ಬ್ಲೇಡಿನ ಅಂಚು ಆ ತುದಿಗೂ ಈ ತುದಿಗೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದ ಹಾಗೆ ಮಾಡಿದ. ಬೋಲ್ಟನ್ನು ನಡುವಿನಿಂದ ತುದಿಗೆ ಒಂದು ಸಲ ಹಗುರಾಗಿ ತಿರುಗಿಸಿದ. ಎರಡನೇ ಸಲ ಬಿಗಿದ. ಹಾಗೆ ಬಿಗಿದ ಒಂದೊಂದು ಬೋಲ್ಟಿಗೂ ಎಲೆಅಡಿಕೆ ಸುಣ್ಣದ ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಒಂದು ಬೊಟ್ಟು ಇಟ್ಟ, ಅರ್ಧ ಬೋಲ್ಟಿನ ತಲೆಯ ಮೇಲೆ, ಅರ್ಧ ಪಟ್ಟಿಯ ಮೇಲೆ.

"ಇದ್ಯಾಕಪ್ಪ ಬೊಟ್ಟು? ದೃಷ್ಟಿಗಾ?"

"ನನ್ನ ದೃಷ್ಟಿಗೇ ಅಕ್ಕ. ಬೊಟ್ಟು ಇದ್ರೆ ನಾನು ಬಿಗಿದೀನಿ ಅಂತ. ಬೊಟ್ಟು ಇಲ್ಲ ಅಂದ್ರೆ ಬಿಗಿದಿಲ್ಲ. ಬೊಟ್ಟು ಎರಡು ಹೋಳಾಗಿದ್ರೆ ಬೋಲ್ಟು ತಿರುಗಿದೆ ಅಂತ. ನನ್ನ ತಲೇನ ನಾನು ನಂಬಲ್ಲ."

ಕಡೆಗೆ ಫ್ಯೂಸು ಹಾಕಿ, ಎಲ್ಲರನ್ನೂ ಪಕ್ಕಕ್ಕೆ ಕಳಿಸಿ, ತಾನು ಕಂಬದ ಮರೆಯಲ್ಲಿ ನಿಂತು ಕೋಲಿನಿಂದ ಹಸಿರು ಗುಂಡಿ ಒತ್ತಿದ. ಮಷೀನು ಸುಮ್ಮನೆ ಓಡುವುದನ್ನು ಕಣ್ಣು ಮುಚ್ಚಿ ಕೇಳಿದ. ಆಮೇಲೇ ಅವನ ಮುಖಕ್ಕೆ ರಕ್ತ ಬಂದಿದ್ದು.

ಅಂದಿನಿಂದ ಬ್ಲೇಡಿನ ಕೆಲಸಕ್ಕೆಲ್ಲ ಬೈರಪ್ಪನೇ. ಮಾಗಡಿ ರೋಡಿನ ಉದ್ದಕ್ಕೂ, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೂ ಅವನಿಗೆ ಪುಕ್ಕಲ ಬೈರ ಅಂತಲೇ ಹೆಸರು. ಬಾಗಿಲಲ್ಲಿ ಕಂಡ ಕೂಡಲೇ ಹುಡುಗರು, "ಪುಕ್ಕಲಣ್ಣ ಬಂದ್ರು, ಯಾರೂ ಕೆಮ್ಮಬೇಡ್ರೋ ಗುರು" ಅಂತ ರೇಗಿಸುತ್ತಿದ್ದರು. "ಕೆಮ್ಮಿ ಮಗಾ ಕೆಮ್ಮಿ, ಬಾಯಿಗೆ ಅಡ್ಡ ಇಟ್ಕೊಳ್ಳೋಕೆ ಕೈ ಇರೋವಾಗ್ಲೇ ಕೆಮ್ಮಿ" ಅನ್ನುತ್ತಿದ್ದ ಅವನು.

ಉಲ್ಲಾಳದಲ್ಲಿ ಅವರಪ್ಪನಿಗೆ ರಾಗಿ ಹೊಲ ಇತ್ತಂತೆ. ಹೊಲ ಸೈಟುಗಳಾದಾಗ ಅಣ್ಣಂದಿರು ಮನೆ ಕಟ್ಟಿ ಬಾಡಿಗೆಗೆ ಕೊಟ್ಟರು. ಬೈರಪ್ಪ ಅದಕ್ಕೂ ಮೊದಲೇ ಸಾಮಿಲ್ಲು ಸೇರಿದ್ದ. ಅಲ್ಲಿ ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಒಂದು ದಿನ ರೋಲಿನ ಮೇಲೆ ಕೈ ಇಟ್ಟುಕೊಂಡು ಬ್ಲೇಡು ಕೂರಿಸುತ್ತಿದ್ದರು. ಆಚೆ ಕಡೆ ಇದ್ದವನೊಬ್ಬ, ಮೇಸ್ತ್ರಿ ಊಟಕ್ಕೆ ಹೋಗಿದಾರೆ ಅಂದುಕೊಂಡು ಸ್ವಿಚ್ಚು ಹಾಕಿದ. ಮುಂದಿನದನ್ನು ಬೈರಪ್ಪ ಯಾರಿಗೂ ಪೂರ್ತಿ ಹೇಳಿದ್ದಿಲ್ಲ. "ಆ ಸದ್ದು ಕೇಳಿದೀನಿ ಅಕ್ಕ" ಅಂತ ಮಾತ್ರ ಅನ್ನುತ್ತಿದ್ದ.

ಅದಕ್ಕೇ ಇರಬೇಕು, ಬ್ಲೇಡಿಗೆ ಕೈ ಹಾಕುವ ದಿನ ಬೆಳಿಗ್ಗೆಯಿಂದ ಅವನು ಏನೂ ತಿನ್ನುತ್ತಿರಲಿಲ್ಲ. ನೀಲಮ್ಮ ಎಷ್ಟು ಸಲ ಇಡ್ಲಿ ಬಡಿಸಿಟ್ಟಿದ್ದಾಳೋ. "ಬ್ಯಾಡಿ ಅಕ್ಕ, ಹೊಟ್ಟೇಲಿ ಇಲಿ ಓಡಾಡ್ತದೆ. ಅದರ ಜೊತೆ ಇಡ್ಲಿ ಬೇರೆ ಯಾಕೆ?" ಅಂದು, ಕೆಲಸ ಮುಗಿದ ಮೇಲೆ ಅದೇ ತಣ್ಣನೆ ಇಡ್ಲಿಯನ್ನು ಮೂರಾಳು ತಿನ್ನುವಷ್ಟು ತಿನ್ನುತ್ತಿದ್ದ.

ಕೃಷ್ಣಪ್ಪ ಎದೆನೋವು ಬಂದು ತೀರಿಕೊಂಡ ಮೇಲೆ ಮಗ ಚನ್ನಕೇಶವ ಅಂಗಡಿ ನೋಡಿಕೊಂಡ. ನೀಲಮ್ಮ ಹಗಲೆಲ್ಲ ಅಲ್ಲೇ ಇರುತ್ತಿದ್ದಳು. ಹೊಟ್ಟು ಗುಡಿಸುವಳು, ಬಂದವರಿಗೆ ನೀರು ಕೊಡುವಳು. ಗಂಡ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಮಗ ನಿಲ್ಲುತ್ತಿದ್ದ. ಮಷೀನು ಓಡುವಾಗಲೆಲ್ಲ ನೀಲಮ್ಮ ಪೊರಕೆ ಬಿಟ್ಟು ಮಗನನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ಬೈರಪ್ಪ ಹಾಕಿದ ಬ್ಲೇಡು ಅನ್ನುವುದೊಂದೇ ಅವಳಿಗೆ ಧೈರ್ಯ.

ಹೋದ ಆಯುಧ ಪೂಜೆಯ ಹಿಂದಿನ ದಿನ ಬೈರಪ್ಪ ಬಂದ. ಹಬ್ಬಕ್ಕೆ ಮುಂಚೆ ಎಲ್ಲ ಅಂಗಡಿಯವರೂ ಬ್ಲೇಡು ತೆಗೆಸಿ, ಸಾಣೆ ಹಿಡಿಸಿ, ಹಾಕಿಸಿಬಿಡುತ್ತಾರೆ. ಪೂಜೆಯ ದಿನ ಮಷೀನು ಮುಟ್ಟುವಂತಿಲ್ಲ, ವಿಜಯದಶಮಿಯ ದಿನ ಒಳ್ಳೇ ಗಳಿಗೆ ನೋಡಿ ಮೊದಲ ಹಲಗೆ ಓಡಿಸಬೇಕು. ಹಾಗಾಗಿ ಆ ವಾರ ಅವನಿಗೆ ಪುರುಸೊತ್ತೇ ಇರುವುದಿಲ್ಲ. ಆದರೂ ಅವತ್ತು ಅವನು ಲವಲವಿಕೆಯಿಂದ ಇದ್ದ. ಸೊಸೆ ವಚನಾ ಚಿತ್ರಾನ್ನದ ತಟ್ಟೆ ತಂದು, "ನೀವು ತಿನ್ನಲ್ಲ ಅಂತ ಗೊತ್ತು, ಆದ್ರೂ ಕೇಳ್ತಿದೀನಿ ಬೈರಪ್ಪಣ್ಣ" ಅಂದಳು.

"ಕೊಡವ್ವ ಇಲ್ಲಿ" ಅಂತ ಇಸಿದುಕೊಂಡು, ಮಷೀನಿನ ಪಕ್ಕದಲ್ಲೇ ಕೂತು ತಿಂದ. ಇನ್ನೂ ಸ್ವಲ್ಪ ಹಾಕಿಸಿಕೊಂಡ.

ನೀಲಮ್ಮನಿಗೆ ಯಾಕೋ ಆ ತಟ್ಟೆ ನೋಡಿ ಮನಸ್ಸು ಕಸಿವಿಸಿಯಾಯಿತು. ವಯಸ್ಸಾಯಿತು, ಸಕ್ಕರೆ ಕಾಯಿಲೆ ಬೇರೆ, ಹಸಿವಾಗಿರಬೇಕು ಅಂತ ಸುಮ್ಮನಾದಳು.

ಮೂರನೇ ಬ್ಲೇಡು ಕೂರಿಸುವಾಗ ಕರೆಂಟು ಹೋಯಿತು. ಕತ್ತಲಲ್ಲಿ ಕಾಣಿಸುವುದಿಲ್ಲ ಅಂತ ಅವನು ಎದ್ದು ಹೊರಗೆ ಬಂದು ಹಲಗೆಯ ರಾಶಿಯ ಮೇಲೆ ಕೂತ. ನೀರು ಕುಡಿದ, ರಸ್ತೆಯಲ್ಲಿ ಬಾಳೆಕಂದು ಮಾರುವವನ ಜೊತೆ ತಮಾಷೆ ಮಾಡಿದ. ನೀಲಮ್ಮ ಒಳಗೆ ಹೋಗಿ ಬರುವಷ್ಟರಲ್ಲಿ ಅವನು ಚೀಲ ಕಟ್ಟಿಕೊಂಡು ನಿಂತಿದ್ದ. ಜೇಬಿನಿಂದ ಫ್ಯೂಸು ತೆಗೆದು ಅವಳ ಕೈಗೆ ಕೊಟ್ಟ.

"ಓಡಿಸಿ ನೋಡಲ್ವಾ ಬೈರಪ್ಪ?"

"ಕರೆಂಟ್ ಎಲ್ಲಿದೆ ಅಕ್ಕ? ಸುಂಕದಕಟ್ಟೇಲಿ ಮೋಹನ್ ಕುಮಾರ್ ಅವನ ಮಷೀನಿಗೂ ಬ್ಲೇಡು ಹಾಕ್ಬೇಕು ಅಂತ ಕಾಯ್ತಾ ಇದಾನೆ. ಮುಹೂರ್ತಕ್ಕೆ ಓಡಿಸ್ಕೊಳ್ಳಿ, ಎಲ್ಲಾ ಆಗಿದೆ."

ಎಲ್ಲಾ ಆಗಿದೆ ಅಂದ ಮೇಲೆ ಆಗಿದೆ. ನೀಲಮ್ಮ ಫ್ಯೂಸು ತಗೊಂಡು ದೇವರ ಗೂಡಲ್ಲಿಟ್ಟಳು.

ವಿಜಯದಶಮಿಯ ಬೆಳಿಗ್ಗೆ ಅಂಗಡಿ ತುಂಬ ಜನ. ಅಕ್ಕಪಕ್ಕದವರು, ಕೆಲಸದವರ ಹೆಂಡತಿ ಮಕ್ಕಳು. ಮಷೀನಿಗೆ ಚೆಂಡುಹೂವಿನ ಹಾರ, ನಾಲ್ಕು ಮೂಲೆಗೂ ನಿಂಬೆಹಣ್ಣು, ಬಾಗಿಲಲ್ಲಿ ಬಾಳೆಕಂದು. ಮುತ್ತೈದೆಯರೆಲ್ಲ ಮುಂದೆ ನಿಂತಿದ್ದರು. ನೀಲಮ್ಮ ಎಂದಿನಂತೆ ಹಿಂದೆ, ಹಲಗೆ ಹೊರಬರುವ ಕಡೆ ಗೋಡೆಗೆ ಒರಗಿ ನಿಂತಿದ್ದಳು. ಹೂವು ಮುಡಿಸಲೆಂದು ಮಷೀನಿನ ಮೇಲುಮುಚ್ಚಳ ತೆಗೆದೇ ಇತ್ತು, ಅಲ್ಲಿಂದ ಒಳಗಿನ ರೋಲು ಚೆನ್ನಾಗಿ ಕಾಣುತ್ತಿತ್ತು.

ಒಂದೊಂದು ಬೋಲ್ಟಿನ ಮೇಲೂ ದುಂಡಗೆ ಬಿಳಿ ಬೊಟ್ಟು, ಅದರ ನಡುವೆ ಕುಂಕುಮ. ರಂಗೋಲಿಯ ಸಾಲಿನಂತೆ ಅಂದವಾಗಿತ್ತು. ನೀಲಮ್ಮ ನೋಡುತ್ತಾ ನಿಂತಳು. ಬೊಟ್ಟೆಲ್ಲ ಬೋಲ್ಟಿನ ತಲೆಯ ನಟ್ಟನಡುವೆ ಇದ್ದವು. ಪಟ್ಟಿಯ ಮೇಲೆ ಒಂದೂ ಇಳಿದಿರಲಿಲ್ಲ.

ಚನ್ನಕೇಶವ ದೇವರ ಗೂಡಲ್ಲಿದ್ದ ಫ್ಯೂಸನ್ನು ಬೋರ್ಡಿಗೆ ಸಿಕ್ಕಿಸಿ, ಮುಚ್ಚಳ ಹಾಕಿ, ಮೊದಲ ಹಲಗೆಯನ್ನು ಕಣ್ಣಿಗೊತ್ತಿಕೊಂಡು, ಕೈಯನ್ನು ಹಸಿರು ಗುಂಡಿಯ ಹತ್ತಿರ ತಂದ.

"ಕೇಶವ, ತಡಿ."

ಎಲ್ಲರೂ ತಿರುಗಿ ನೋಡಿದರು.

"ಆ ಬೊಟ್ಟು ಯಾರಿಟ್ಟಿದ್ದು?"

"ನಾನೇ ಅತ್ತೆ" ಅಂದಳು ವಚನಾ ನಗುತ್ತಾ. "ಬೈರಪ್ಪಣ್ಣ ಸುಣ್ಣ ಇಟ್ಟಿದ್ರಲ್ಲ, ಕೆಲವಕ್ಕೆ ಇತ್ತು, ಕೆಲವಕ್ಕೆ ಇರ್ಲಿಲ್ಲ. ಪೂಜೆಗೆ ಹಂಗೆ ಬಿಟ್ರೆ ಚೆನ್ನಾಗಿರಲ್ಲ ಅಂತ ಒರೆಸಿ, ರಂಗೋಲಿಗೆ ಕಲಸಿದ್ದ ಅಕ್ಕಿಹಿಟ್ಟಲ್ಲಿ ಎಲ್ಲಕ್ಕೂ ಇಟ್ಟೆ."

ಗೋಡೆಗೆ ಒರಗಿದ್ದ ನೀಲಮ್ಮ ನೆಟ್ಟಗಾದಳು. "ಕೆಲವಕ್ಕೆ ಇರ್ಲಿಲ್ವಾ?"

"ಇರ್ಲಿಲ್ಲ ಅತ್ತೆ. ಯಾಕೆ?"

"ಅಮ್ಮ, ರಾಹುಕಾಲ ಬಂದ್ಬಿಡತ್ತೆ. ಜನ ನಿಂತಿದಾರೆ" ಅಂದ ಚನ್ನಕೇಶವ. ಅವನಿಗೆ ಸಿಟ್ಟು ಬಂದಿತ್ತು. ಒಳ್ಳೇ ಗಳಿಗೆಯಲ್ಲಿ ಅಮ್ಮ ಅಡ್ಡ ಮಾತಾಡಿದಳಲ್ಲ ಅಂತ.

ನೀಲಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬೋರ್ಡಿನ ಹತ್ತಿರ ಹೋಗಿ ಫ್ಯೂಸು ಕಿತ್ತಳು. "ಈಗ ಸ್ಪ್ಯಾನರ್ ಹಾಕಿ ನೋಡು. ಎಲ್ಲ ಬಿಗಿಯಾಗಿದ್ರೆ ನಾನೇ ನಿನ್ನ ಕೈಗೆ ಕೊಡ್ತೀನಿ, ಓಡ್ಸು."

ಚನ್ನಕೇಶವ ಗೊಣಗುತ್ತಾ ಮುಚ್ಚಳ ತೆಗೆದ. ಮೊದಲನೇ ಬ್ಲೇಡಿನದ್ದು ಒಂದೂ ಅಲುಗಲಿಲ್ಲ. "ನೋಡಮ್ಮ" ಅಂದ. ರೋಲನ್ನು ಕೈಯಲ್ಲಿ ತಿರುಗಿಸಿ ಎರಡನೆಯದು ನೋಡಿದ. ಅದೂ ಗಟ್ಟಿ. ಮೂರನೆಯದಕ್ಕೆ ಬಂದ. ನಡುವಿನ ಬೋಲ್ಟುಗಳು ಬಿಗಿಯಾಗಿದ್ದವು. ತುದಿಯ ಬೋಲ್ಟಿಗೆ ಸ್ಪ್ಯಾನರ್ ಇಡಲು ಹೋದಾಗ ಅದು ಅವನ ಬೆರಳು ತಾಕಿಯೇ ತಿರುಗಿತು. ಅದರ ಪಕ್ಕದ್ದೂ ತಿರುಗಿತು. ಅದರ ಪಕ್ಕದ್ದೂ.

ಚನ್ನಕೇಶವ ಕಡ್ಲೆಪುರಿ ಚೆಲ್ಲಿದ್ದ ನೆಲದ ಮೇಲೆ ಹಾಗೇ ಕೂತುಬಿಟ್ಟ. ವಚನಾ ಬಾಯಿಗೆ ಸೆರಗು ಒತ್ತಿಕೊಂಡಳು.

ಬೈರಪ್ಪನಿಗೆ ಫೋನು ಮಾಡಿದರೆ ಅವನ ಹೆಂಡತಿ ಪಾಪಮ್ಮ ಎತ್ತಿದಳು. "ಆಸ್ಪತ್ರೇಲಿದೀವಿ ಕಣಪ್ಪ. ನಿನ್ನೆ ಪೂಜೆ ದಿನ ಬೆಳಿಗ್ಗೆ ಎದ್ದಾಗ ಎಡಗೈ ಎತ್ತೋಕಾಗ್ಲಿಲ್ಲ. ಲಕ್ವ ಅಂತಿದಾರೆ. ಮಾತು ತೊದಲ್ತದೆ."

ನೀಲಮ್ಮ ಫೋನು ಇಸಿದುಕೊಂಡು, ಅವನ ಕಿವಿಗೆ ಹಿಡಿ ಅಂದಳು. "ಬೈರಪ್ಪ, ನಮ್ಮ ಮೂರನೇ ಬ್ಲೇಡಿನ ತುದಿ ಬೋಲ್ಟು ಬಿಗಿದಿದ್ದಾ ನೀನು?"

"ಗ್ಯಾಪ್ಕ ಇಲ್ಲ ಅಕ್ಕ" ಅಂದ. ಆಮೇಲೆ ತೊದಲುತ್ತಲೇ, "ನಿಮ್ಮದು ಆದ್ಮೇಲೆ… ಮೋಹನಂದು. ಅಕ್ಕ, ಮೋಹನಂದು!"

ಮೋಹನ್ ಕುಮಾರ್‌ಗೆ ಫೋನು ಹಚ್ಚಿದರೆ ರಿಂಗಾಗುತ್ತಿದೆ, ಎತ್ತುತ್ತಿಲ್ಲ. ಮತ್ತೆ ಮಾಡಿದರೂ ಎತ್ತಲಿಲ್ಲ. ಯಾಕೆ ಎತ್ತುತ್ತಿಲ್ಲ ಅಂತ ತಾಯಿಗೂ ಗೊತ್ತು, ಮಗನಿಗೂ ಗೊತ್ತು. ಆ ಮಷೀನು ಓಡುತ್ತಿರುವಾಗ ಕಿವಿಯ ಪಕ್ಕ ನಿಂತು ಕೂಗಿದರೂ ಕೇಳಿಸುವುದಿಲ್ಲ.

ಸ್ಕೂಟರಿನ ಹಿಂದೆ ನೀಲಮ್ಮ ಮಗನ ಸೊಂಟ ಹಿಡಿದು ಕೂತಳು. ಮಾಗಡಿ ರೋಡಿನಲ್ಲಿ ಹೆಜ್ಜೆಗೊಂದು ಬೂದುಗುಂಬಳಕಾಯಿ ಒಡೆದು ಬಿದ್ದಿತ್ತು. ಅದರ ತಿರುಳ ಮೇಲೆ ಚಕ್ರ ಜಾರುತ್ತಿತ್ತು. ಹೂವಿನ ಹಾರ ಹಾಕಿದ ಬಸ್ಸುಗಳು ನಿಂತು ನಿಂತು ಹೋಗುತ್ತಿದ್ದವು. "ಬೇಗ ಹೋಗು" ಅನ್ನಲೂ ಭಯ, ಅನ್ನದಿರಲೂ ಭಯ. ಇಷ್ಟು ಹೊತ್ತಿಗೆ ಆಗಿಹೋಗಿದ್ದರೆ? ಮೋಹನ್ ಕುಮಾರನಿಗೆ ಇನ್ನೂ ನಡೆಯಲು ಬಾರದ ಮಗಳಿದ್ದಾಳೆ. ಮುಹೂರ್ತಕ್ಕೆ ಅವಳನ್ನು ಎತ್ತಿಕೊಂಡು ಯಾರಾದರೂ ಮಷೀನಿನ ಎದುರು ನಿಂತಿದ್ದರೆ?

ಸುಂಕದಕಟ್ಟೆಯ ಅಡ್ಡರಸ್ತೆಗೆ ತಿರುಗಿದಾಗಲೇ ಮಷೀನಿನ ಸದ್ದು ಕೇಳಿಸಿತು. ಹಲಗೆ ಒಳಗೆ ಹೋದಾಗ ಬರುವ ಸದ್ದು. ಚನ್ನಕೇಶವ ಸ್ಕೂಟರ್ ನಿಲ್ಲಿಸುವ ಮೊದಲೇ ನೀಲಮ್ಮ ಇಳಿದಳು. ಒಳಗೆ ಮೋಹನ್ ಕುಮಾರ್ ಮಷೀನಿನ ಎದುರೇ ನಿಂತು ಹಲಗೆ ತಳ್ಳುತ್ತಿದ್ದ. ಅವನ ಹಿಂದೆ ಮಗು ಎತ್ತಿಕೊಂಡು ಅವನ ತಾಯಿ. ಚನ್ನಕೇಶವ ಕೂಗಿದ, ಯಾರಿಗೂ ಕೇಳಿಸಲಿಲ್ಲ. ಬಾಗಿಲ ಪಕ್ಕದಲ್ಲೇ ಮೇನ್ ಸ್ವಿಚ್ಚಿನ ಡಬ್ಬಿ ಇತ್ತು. ನೀಲಮ್ಮ ಅದರ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆಳೆದಳು.

ಸ್ವಿಚ್ಚು ಎಳೆದ ಕೂಡಲೇ ಅದು ನಿಲ್ಲುವುದಿಲ್ಲ. ರೋಲು ತನ್ನ ವೇಗದಲ್ಲೇ ಸುತ್ತುತ್ತಾ, ಸದ್ದು ಇಳಿಯುತ್ತಾ, ಇಳಿಯುತ್ತಾ ಬರುತ್ತದೆ. ನೀಲಮ್ಮ ಹಿಡಿಯನ್ನು ಬಿಡದೆ, ಆ ಮಗುವಿನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಸದ್ದು ಪೂರ್ತಿ ಸತ್ತ ಮೇಲೆ ಮಗು ಅಳುವುದು ಕೇಳಿಸಿತು.

"ಏನ್ ತಾಯಿ ಇದು!" ಅಂದಳು ಮೋಹನ್ ಕುಮಾರನ ತಾಯಿ. "ವಿಜಯದಶಮಿ ದಿನ, ಮೊದಲನೇ ಹಲಗೆ, ಅರ್ಧದಲ್ಲಿ ನಿಲ್ಲಿಸಿಬಿಟ್ಯಲ್ಲ. ಅದೂ ನಿನ್ನ ಕೈಯಲ್ಲೇ ಆಗ್ಬೇಕಿತ್ತಾ?"

ನೀಲಮ್ಮ ಬಳೆ ಇಲ್ಲದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆದರೆ ಜಾಗ ಬಿಟ್ಟು ಕದಲಲಿಲ್ಲ. "ಬೋಲ್ಟು ನೋಡ್ರಪ್ಪ. ನೋಡೋವರ್ಗೂ ನಾನು ಇಲ್ಲಿಂದ ಹೋಗಲ್ಲ."

ಚನ್ನಕೇಶವನೂ ಮೋಹನ್ ಕುಮಾರನೂ ಸೇರಿ ನೋಡಿದರು. ಒಂದೊಂದು ಬೋಲ್ಟೂ ಬಿಗಿಯಾಗಿತ್ತು. ಒಂದೊಂದಕ್ಕೂ ಸುಣ್ಣದ ಬೊಟ್ಟು, ಅರ್ಧ ಬೋಲ್ಟಿಗೆ, ಅರ್ಧ ಪಟ್ಟಿಗೆ. ನಂಬದೆ ಇನ್ನೊಂದು ಸಲ ನೋಡಿದರು. ನೀಲಮ್ಮ ಆಗ ಬಾಗಿಲ ಹೊರಗೆ ಬಂದು ಚರಂಡಿಯ ಪಕ್ಕ ಕೂತು ವಾಂತಿ ಮಾಡಿಕೊಂಡಳು.

ಬೈರಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ಅವಳು ಉಲ್ಲಾಳಕ್ಕೆ ಬಸ್ಸು ಹತ್ತಿ ಹೋದಳು. ಒಳಗೆ ಬಿಡುವ ಮೊದಲು ಪಾಪಮ್ಮ ಬಾಗಿಲಲ್ಲೇ ಕೈ ಹಿಡಿದುಕೊಂಡಳು. "ಅಕ್ಕ, ಎಲ್ಲಾ ಬಿಗಿಯಾಗೇ ಇತ್ತು ಅಂತ ಹೇಳಿಬಿಡಿ. ದಿನಾ ಅದನ್ನೇ ಕೇಳ್ತಾರೆ. ನಿದ್ದೆ ಮಾಡಲ್ಲ."

ನೀಲಮ್ಮ ಹೂಂ ಅಂದಳು. ಹಾಗೇ ಹೇಳಬೇಕು ಅಂತಲೇ ಬಸ್ಸಲ್ಲಿ ಬರುವಾಗ ಅವಳೂ ಅಂದುಕೊಂಡಿದ್ದಳು.

ಬೈರಪ್ಪ ದಿಂಬಿಗೆ ಒರಗಿ ಕೂತಿದ್ದ. ಬಾಯಿ ಒಂದು ಪಕ್ಕಕ್ಕೆ ಎಳೆದಿತ್ತು. ಎಡಗೈ ಮಡಿಲಲ್ಲಿ ಬಿದ್ದಿತ್ತು, ಬೇರೆ ಯಾರದೋ ಕೈಯಂತೆ. ಮೊದಲು ಮೋಹನ್ ಕುಮಾರನ ವಿಷಯ ಹೇಳಿದಳು, ಎಲ್ಲಾ ಬಿಗಿಯಾಗಿತ್ತು, ಬೊಟ್ಟು ಇತ್ತು. ಅವನು ತಲೆಯಾಡಿಸಿದ.

"ನಿಮ್ಮದು?"

ಪಾಪಮ್ಮ ಗೋಡೆ ಹತ್ತಿರ ನಿಂತು ನೋಡುತ್ತಿದ್ದಳು. ನೀಲಮ್ಮನಿಗೆ ಸುಳ್ಳು ಬಾಯಿವರೆಗೂ ಬಂತು. ಆದರೆ ಅವನ ಕಣ್ಣು ನೋಡಿ ಹೇಳಲಾಗಲಿಲ್ಲ. ಬೇರೆಯವರು ಬಿಗಿದ ಬೋಲ್ಟು ಮುಟ್ಟಿ ನೋಡುವಾಗಲೂ ಅವನು ಹೀಗೇ ನೋಡುತ್ತಿದ್ದ.

"ಮೂರು ಬಿಗೀದೆ ಬಿಟ್ಟಿದ್ದೆ ಬೈರಪ್ಪ. ಕೊನೇ ಬ್ಲೇಡಿಂದು. ಓಡಿಸ್ಲಿಲ್ಲ. ಅಷ್ಟರಲ್ಲಿ ನೋಡಿದ್ವಿ."

ಅವನು ಕಣ್ಣು ಮುಚ್ಚಿದ. "ಎದುರು ಯಾರು ನಿಂತಿದ್ರು?"

"ಕೇಶವ."

ಅವನು ಅತ್ತ. ಬಾಯಿ ಎಳೆದಿದ್ದರಿಂದ ಅಳುವೂ ಸರಿಯಾಗಿ ಆಗುತ್ತಿರಲಿಲ್ಲ. ಪಾಪಮ್ಮ ಸೆರಗಿನಿಂದ ಒರೆಸಿದಳು, ನೀಲಮ್ಮನ ಕಡೆ ಮುಖ ತಿರುಗಿಸಲಿಲ್ಲ. ಕಾಫಿ ಬಂತು, ತಣ್ಣಗಾಯಿತು. ಹೊತ್ತಾಯಿತು, ಬಸ್ಸಿಗೆ ಹೋಗಬೇಕು ಅಂತ ನೀಲಮ್ಮ ಎದ್ದಳು. ಆಗ ಅವನು ಬಲಗೈಯಿಂದ ಅವಳ ಸೆರಗಿನ ತುದಿ ಹಿಡಿದುಕೊಂಡ. ಸಂಕ್ರಾಂತಿ ಹೊತ್ತಿಗೆ ಇನ್ನೊಂದು ಸಲ ಬಂದು ನೋಡೋಣ ಅಂತ ಅವಳಿಗಿತ್ತು. ಅಷ್ಟರೊಳಗೆ ಎರಡನೇ ಸಲ ಲಕ್ವ ಹೊಡೆದು ಅವನು ಹೋಗಿಬಿಟ್ಟ. ಹಾಗಾಗಿ ಅವನು ಅವಳನ್ನು ಅವತ್ತು ಕೇಳಿದ್ದೇ ಕಡೆಯ ಮಾತು.

"ಮೋಹನನ ಅಂಗಡೀಲಿ ಎಂದಿನಂಗೆ ಭಯ ಆಯ್ತು ಅಕ್ಕ. ಕಾಲು ನಡುಗ್ತು. ಗ್ಯಾಪ್ಕ ಇದೆ. ನಿಮ್ಮಲ್ಲಿ ಮಾತ್ರ ಅವತ್ತು ಏನೂ ಆಗ್ಲಿಲ್ಲ. ಆರಾಮಾಗಿ ಕೂತು ಊಟ ಮಾಡ್ದೆ. ನಿಮ್ಮಲ್ಲಿ ಯಾಕಕ್ಕ ನನಗೆ ಭಯ ಆಗ್ಲಿಲ್ಲ?"